ಹಳದಿ ಬಣ್ಣದ ಹದಿನೆಂಟು ಎಕರೆ

ಫೆಬ್ರುವರಿ 30, 2191
ನೆಲ ವಿಭಾಗ, ವಿಶ್ವವಿದ್ಯಾಲಯದ ಹಳೆಯ ಆವರಣ

ಸುನಂದಾ ಬಡಿಗೇರ ಅವರಿಗೆ ಶಕೀಲಾ ನದಾಫಳ ನಮಸ್ಕಾರಗಳು.

ಮೇಲಿನ ತಾರೀಕು ನೋಡಿ ಕೈತಪ್ಪಿ ಬರೆದಿದ್ದಾಳೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಫೆಬ್ರುವರಿಗೆ ಮೂವತ್ತು ದಿನ. ಮೇ ತಿಂಗಳ ಬಿಸಿಲಿನಲ್ಲಿ ಕೆಲಸ ಮಾಡಲಾಗದೆ ಆ ತಿಂಗಳಿನಿಂದ ಎರಡು ದಿನ ಕಿತ್ತು ಇಲ್ಲಿಗೆ ಸೇರಿಸಿದ್ದಾರೆ. ಬಿಸಿಲೇನೂ ಇದಕ್ಕೆ ಹೆದರಲಿಲ್ಲ. ನನ್ನ ಮಾತು ನಿಮಗೆ ಎಲ್ಲಾದರೂ ವಿಚಿತ್ರ ಅನ್ನಿಸಿದರೆ ಅದಕ್ಕೂ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಕಚೇರಿಯ ಕಡತಗಳಿಂದ. ಅವನ್ನು ಓದಿದರೆ ನೀವೆಲ್ಲ ಊಟಕ್ಕೆ ಕುಳಿತಾಗಲೂ ‘ಸದರಿ ರೊಟ್ಟಿ’, ‘ಮೇಲ್ಕಂಡ ಪಲ್ಯ’ ಎನ್ನುತ್ತಿದ್ದಿರೇನೋ ಅನ್ನಿಸುತ್ತದೆ. ವರ್ಷಗಳ ಲೆಕ್ಕ ಹಿಡಿದರೆ ನಿಮ್ಮನ್ನು ಮುತ್ತಜ್ಜಿಯ ಮುತ್ತಜ್ಜಿ ಎನ್ನಬೇಕು. ಆದರೆ ನನ್ನ ಮೇಜಿನ ಮೇಲಿರುವ ನಕ್ಷೆಗೆ ಸಹಿ ಹಾಕಿದಾಗ ನಿಮಗೆ ಇಪ್ಪತ್ತಾರು ವರ್ಷ, ಈಗ ನನಗೂ ಇಪ್ಪತ್ತಾರು. ಹಾಗಾಗಿ ಸುನಂದಕ್ಕ ಎಂದು ಕರೆಯುತ್ತೇನೆ.

ನನ್ನ ಹುದ್ದೆಯ ಹೆಸರು ಕಿರಿಯ ನೆಲಗಾರ್ತಿ. ನಿಮ್ಮ ಕಾಲದಲ್ಲಿ ಭೂಬಳಕೆ ಮತ್ತು ಪರಿಸರ ಯೋಜನಾ ಸಹಾಯಕಿ ಎಂಬ ಉದ್ದನೆಯ ಹೆಸರಿತ್ತಲ್ಲ, ಅದೇ. ಕೆಲಸಕ್ಕೆ ಸೇರಿ ಏಳು ತಿಂಗಳಾಯಿತು, ಕಾಯಂ ಆಗಲು ಇನ್ನೂ ಐದು ತಿಂಗಳಿದೆ. ಬೆಳಿಗ್ಗೆ ಐದಕ್ಕೆ ಕಚೇರಿ ತೆರೆದು ಹತ್ತಕ್ಕೆ ಮುಚ್ಚುತ್ತದೆ. ಆಮೇಲೆ ಬಯಲಲ್ಲಿ ಯಾರೂ ಓಡಾಡುವುದಿಲ್ಲ, ನೆರಳೋಣಿಗಳಲ್ಲಿ ಮಾತ್ರ ನಡೆಯುತ್ತಾರೆ. ನೆರಳೋಣಿ ಎಂದರೆ ಎರಡೂ ಬದಿಗೆ ಬೇವು ಬೆಳೆಸಿ ಮೇಲೆ ಚಪ್ಪರ ಹಾಕಿದ ದಾರಿ. ಎಲ್ಲಿ ನೆರಳೋಣಿ ಹಾಯಬೇಕು, ಎಲ್ಲಿ ಕಟ್ಟಡ ಏಳಬೇಕು, ಯಾವ ನೆಲವನ್ನು ಮುಟ್ಟಬಾರದು ಎಂದು ನೋಡಿ ನಕ್ಷೆಗೆ ಬಣ್ಣ ತುಂಬುವುದು ನನ್ನ ಕೆಲಸ. ಬಣ್ಣಗಳು ನಿಮ್ಮ ಕಾಲದವೇ. ಹಸಿರು ತೋಪಿಗೆ, ನೀಲಿ ನೀರಿಗೆ, ಹಳದಿ ಖಾಲಿ ಜಾಗಕ್ಕೆ.

ನಮ್ಮ ವಿಭಾಗದಲ್ಲಿ ಒಂದು ಪದ್ಧತಿ ಇದೆ. ಯಾವುದೇ ನೆಲದ ಬಳಕೆ ಬದಲಾಗುವ ಮೊದಲು, ಆ ನೆಲಕ್ಕೆ ಹಿಂದೆ ಸಹಿ ಹಾಕಿದವರಿಗೆ ಒಂದು ಕಾಗದ ಬರೆಯಬೇಕು. ಅದನ್ನು ಹಿಂದೋಲೆ ಎನ್ನುತ್ತೇವೆ. ಅವರು ಸತ್ತು ಎಷ್ಟೇ ಕಾಲವಾಗಿದ್ದರೂ ಬರೆಯಬೇಕು, ಆ ನೆಲದ ಮೇಲೆ ನಿಂತು ಗಟ್ಟಿಯಾಗಿ ಓದಬೇಕು, ಮಡಚಿ ನಕ್ಷೆಯ ಕೊಳವೆಯೊಳಗೆ ಇಡಬೇಕು. ಅಲ್ಲಿಯ ತನಕ ಹೊಸ ಸಹಿಗೆ ಬೆಲೆಯಿಲ್ಲ. ಯಾರು ಯಾಕೆ ಶುರುಮಾಡಿದರೋ ಗೊತ್ತಿಲ್ಲ. ಈಗ ಎಲ್ಲರೂ ‘ತಮ್ಮ ಸಹಿ ನೋಡಿದೆ, ಒಪ್ಪಿದೆ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ನಮ್ಮ ಮುಖ್ಯಸ್ಥರಾದ ಅಂಗಡಿ ಸರ್ ನಿನ್ನೆಯೂ ಬಾಗಿಲಲ್ಲಿ ನಿಂತು ಹೇಳಿದರು: “ಏನವ್ವಾ ಶಕೀಲಾ, ಸತ್ತವರಿಗೆ ಇಷ್ಟುದ್ದ ಬರೀತಾರೇನು? ಒಂದ್ ಸಾಲ ಗೀಚಿ ಒಗಿ. ಸೋಮವಾರ ಸಹಿ ಬೇಕ ನನಗ.” ಅವರು ಕೆಟ್ಟವರಲ್ಲ. ಅವರಿಗೂ ಮೇಲಿನಿಂದ ಅವಸರವಿದೆ.

ಆ ಸೋಮವಾರದ ವಿಷಯ ಹೇಳುತ್ತೇನೆ. ಹೆಣ್ಣುಮಕ್ಕಳ ಹಳೆಯ ವಸತಿ ನಿಲಯದ ಚಾವಣಿ ಬಿರುಕು ಬಿಟ್ಟಿದೆ. ಮೂರನೆಯ ಮಹಡಿಯಲ್ಲಿ ಹಾಸಿಗೆಗಳ ನಡುವೆ ಕಬ್ಬಿಣದ ಕಂಬಗಳನ್ನು ಆಸರೆ ಕೊಟ್ಟು ನಿಲ್ಲಿಸಿದ್ದಾರೆ. ಅಲ್ಲಿ ಮುನ್ನೂರ ಹನ್ನೆರಡು ಹುಡುಗಿಯರಿದ್ದಾರೆ, ಅವರಲ್ಲಿ ನನ್ನ ತಂಗಿ ಮುಬೀನಾಳೂ ಒಬ್ಬಳು. ಹೊಸ ನಿಲಯಕ್ಕೆ ಗೊತ್ತುಮಾಡಿರುವುದು ಗ್ರಂಥಾಲಯದ ದಕ್ಷಿಣಕ್ಕಿರುವ ಒಂಬತ್ತು ಎಕರೆ ಬಯಲು. ನಮ್ಮ ಕಟ್ಟಡಗಳನ್ನು ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ, ನಲವತ್ತು ದಿನ ಸಾಕು. ಸೋಮವಾರ ನಾನು ಸಹಿ ಹಾಕಿದರೆ ಮಳೆಗೆ ಮೊದಲೇ ಅವರೆಲ್ಲ ಹೊಸ ಸೂರಿನ ಕೆಳಗಿರುತ್ತಾರೆ. ಹಾಕದಿದ್ದರೆ ಇನ್ನೊಂದು ಮಳೆಗಾಲ ಆ ಕಂಬಗಳ ನಡುವೆಯೇ ಕಳೆಯಬೇಕು. ಮುಬೀನಾ ದಿನಕ್ಕೆರಡು ಸಲ ಕೇಳುತ್ತಾಳೆ: “ಅಕ್ಕಾ, ಸಹಿ ಹಾಕ್ತಿಯೋ ಇಲ್ಲೋ ಹೇಳಿಬಿಡು. ನಾವು ಗಂಟು ಕಟ್ಟಿ ಕುಂತೇವಿ.”

ಆ ಒಂಬತ್ತು ಎಕರೆ ನೀವು ಹಳದಿ ತುಂಬಿದ ಹದಿನೆಂಟು ಎಕರೆಯ ಅರ್ಧ ಭಾಗ, ಸುನಂದಕ್ಕ. ನಿಮ್ಮ ಪರಿಶೀಲನಾ ಪತ್ರ ನನ್ನ ಮುಂದಿದೆ. ಏಪ್ರಿಲ್ 11, ಬೆಳಿಗ್ಗೆ ಹನ್ನೊಂದೂ ಇಪ್ಪತ್ತರಿಂದ ಹನ್ನೊಂದೂ ಐವತ್ತರ ತನಕ. ನೀರು ಇಲ್ಲ, ಜಾಲಿಮರ ನಾಲ್ಕು, ಷರಾ: ಖಾಲಿ ಜಾಗ. ಸುಳ್ಳೇನೂ ಬರೆದಿಲ್ಲ. ಏಪ್ರಿಲ್‌ನ ಎರೆಭೂಮಿಯಲ್ಲಿ ಬಿರುಕಲ್ಲದೆ ಇನ್ನೇನು ಕಾಣುತ್ತದೆ? ನೀವು ನಿಂತು ಬರೆದ ಆ ಜಾಗ, ಈಗ ನಾನು ಅಳೆದು ನೋಡಿದಂತೆ, ಸುತ್ತಲಿನ ನೆಲಕ್ಕಿಂತ ಎರಡು ಆಳು ತಗ್ಗು. ಆದರೆ ಆ ಇಳಿಜಾರು ಎಷ್ಟು ನಿಧಾನವೆಂದರೆ ನಡೆಯುವವರ ಕಾಲಿಗೆ ತಿಳಿಯುವುದಿಲ್ಲ. ಒಳ್ಳೆಯ ಮಳೆ ಬಂದ ವರ್ಷ ನಾಲ್ಕೂ ದಿಕ್ಕಿನ ನೀರು ಅಲ್ಲಿಗೇ ಬಂದು ನಿಲ್ಲುತ್ತಿತ್ತು. ನೀವು ಹೋದದ್ದು ಬೇಸಿಗೆಯಲ್ಲಿ, ಅರ್ಧ ಗಂಟೆ. ನಿಮ್ಮ ನಂತರ ಬಂದವರು ಅಷ್ಟೂ ಹೋಗಲಿಲ್ಲ. ನಿಮ್ಮ ನಕ್ಷೆಯನ್ನೇ ಮೂಲ ನಕ್ಷೆ ಎಂದು ಹಿಡಿದು ಹಳದಿಯನ್ನು ಹಳದಿಯಾಗಿಯೇ ಇಳಿಸಿಕೊಂಡರು. ನಿಮ್ಮ ಕಾಲದ ಆಕಾಶಚಿತ್ರಗಳು ಏನಾದವು ಎಂದು ಕೇಳಬೇಡಿ, ಅವನ್ನು ಓದುವ ಯಂತ್ರ ಈಗ ಯಾರಲ್ಲೂ ಇಲ್ಲ. ಕಾಗದ ಮಾತ್ರ ಉಳಿದಿದೆ.

ಉತ್ತರದ ಒಂಬತ್ತು ಎಕರೆಯಲ್ಲಿ ಗ್ರಂಥಾಲಯ ಕಟ್ಟಿದರು. ಓದುವ ಕೋಣೆ ತಂಪಾಗಿರಲಿ ಎಂದು ನೆಲದಡಿಯಲ್ಲಿ ಮಾಡಿದರು. 2131ರ ಸೆಪ್ಟೆಂಬರಿನಲ್ಲಿ, ಪರೀಕ್ಷೆಯ ದಿನಗಳಲ್ಲಿ, ಒಂದು ಮಧ್ಯಾಹ್ನ ಮೂರು ಗಂಟೆ ಸುರಿದ ಮಳೆಗೆ ಆ ಕೋಣೆ ತುಂಬಿತು. ಏಳು ಜನ ಹೊರಗೆ ಬರಲಿಲ್ಲ. ವಿಚಾರಣೆಯಲ್ಲಿ ಪಂಪು ಕೆಟ್ಟಿತ್ತು ಎಂದು ತೀರ್ಮಾನವಾಯಿತು. ನೆಲದ ಮಾತನ್ನು ಯಾರೂ ಎತ್ತಲಿಲ್ಲ, ಯಾಕೆಂದರೆ ನಕ್ಷೆಯಲ್ಲಿ ನೆಲ ಹಳದಿಯಾಗಿತ್ತು. ಕಚೇರಿಗೆ ಬರುವ ನೆರಳೋಣಿಯ ತಿರುವಿನಲ್ಲಿ ಏಳು ಹೆಸರು ಕೊರೆದ ಕಲ್ಲೊಂದಿದೆ. ದಿನಾ ಅದರ ಪಕ್ಕದಲ್ಲೇ ಬರುತ್ತೇನೆ. ಇದನ್ನು ನಿಮ್ಮನ್ನು ನೋಯಿಸಲೆಂದು ಬರೆಯುತ್ತಿಲ್ಲ. ಹಾಗೆಂದು ಬರೆಯದೆ ಇರುವುದೂ ನನ್ನಿಂದ ಆಗುತ್ತಿಲ್ಲ.

ಹೋದ ವಾರ ನಾನೂ ದಕ್ಷಿಣದ ಬಯಲಿಗೆ ಹೋಗಿದ್ದೆ. ಬಿರುಕು, ಜಾಲಿ, ಬಿಸಿಗಾಳಿ, ನಿಮಗೆ ಕಂಡದ್ದೇ ನನಗೂ ಕಂಡಿತು. ಬರೆದು ಮುಗಿಸಿ ಏಳುವಾಗ ಒಂದು ಬಿರುಕಿನೊಳಗೆ ಬಿಳಿಯದೇನೋ ಕಾಣಿಸಿತು. ಬಸವನಹುಳುವಿನ ಚಿಪ್ಪು, ಕಡಲೆಕಾಳಿನಷ್ಟು. ಕಡ್ಡಿ ಹಾಕಿ ಕೆದಕಿದರೆ ಇನ್ನೂ ಹತ್ತು, ಅದರ ಕೆಳಗೆ ಹಿಡಿ ತುಂಬ. ನೀರೇ ಇಲ್ಲದ ಕಡೆ ಇವು ಎಲ್ಲಿಂದ ಬಂದವು? ನೆರಳೋಣಿ ಗುಡಿಸುವ ಗಂಗವ್ವನಿಗೆ ಎಪ್ಪತ್ತಾಗಿದೆ, ಅವಳನ್ನು ಕೇಳಿದೆ. ಅವಳು ಪೊರಕೆ ಊರಿ ನಿಂತು ಹೇಳಿದಳು: “ಅಲ್ಲಿ ಕಪ್ಪಿ ಒದರ್ತಿದ್ವು ತಾಯಿ, ನಾ ಸಣ್ಣಾಕಿದ್ದಾಗ. ಲೈಬ್ರರಿಗೆ ನೀರ ನುಗ್ಗಿದ ವರ್ಷ ಆ ಕಡೀ ಬೈಲೂ ಎದಿಮಟ ಇತ್ತು. ಈಗ ಮಳೀನೂ ಇಲ್ಲ, ಕಪ್ಪೀನೂ ಇಲ್ಲ. ಯಾರ ಕೇಳ್ತಾರ ಬಿಡು.” ಓಡಿಹೋಗಿ ಅಂಗಡಿ ಸರ್‌ಗೆ ಚಿಪ್ಪು ತೋರಿಸಿದೆ. ನಮೂನೆಯಲ್ಲಿ ಚಿಪ್ಪಿಗೆ ಅಂಕಣ ಎಲ್ಲಿದೆ, ಗಂಗವ್ವನ ಕಪ್ಪೆಗೆ ಅಂಕಣ ಎಲ್ಲಿದೆ ಎಂದು ಕೇಳಿದರು. ನಿಜಕ್ಕೂ ಇಲ್ಲ. ಆ ನಮೂನೆಯೂ ನಿಮ್ಮ ಕಾಲದ್ದೇ.

ಅಂದಿನಿಂದ ಎರಡೂ ಕಡೆಯ ಲೆಕ್ಕ ಹಾಕುತ್ತಿದ್ದೇನೆ. ಈ ಇಪ್ಪತ್ತು ವರ್ಷ ಮಳೆ ಸೊರಗಿದೆ. ನಾನು ಹಟ ಹಿಡಿದು ಒಂದು ಮಳೆಗಾಲ ಕಾದು, ಆ ವರ್ಷವೂ ಮಳೆ ಕೈಕೊಟ್ಟು ಬಯಲು ಒಣಗಿಯೇ ಉಳಿದರೆ? ಅಷ್ಟರಲ್ಲಿ ಹಳೆಯ ಚಾವಣಿ ಕುಸಿದರೆ? ಸಹಿ ಹಾಕಿ, ಹತ್ತು ವರ್ಷದ ಮೇಲೆ ಒಂದು ಮಧ್ಯಾಹ್ನ ನೀರು ಬಂದರೆ? ಎರಡು ಕಡೆಯೂ ಮುಬೀನಾಳ ಮುಖ ಕಾಣುತ್ತದೆ, ಅಥವಾ ಅವಳಂಥವಳ ಮುಖ. ನನಗೆ ಭಯವಾಗಿದೆ, ಸುನಂದಕ್ಕ. ನಿಮಗೂ ಆಗಿತ್ತೇ? ನಕ್ಷೆಯ ಹಳದಿಯ ಮೇಲೆ ಚಹಾ ಲೋಟದ ದುಂಡನೆಯ ಕಲೆ ಇದೆ. ನೀವೂ ಅದರ ಮುಂದೆ ಬಹಳ ಹೊತ್ತು ಕುಳಿತಿದ್ದಿರಿ ಎಂದು ಅದನ್ನು ನೋಡಿದಾಗಲೆಲ್ಲ ಅಂದುಕೊಳ್ಳುತ್ತೇನೆ. ನಿಮ್ಮ ಬಾಗಿಲಲ್ಲೂ ಒಬ್ಬರು ಸರ್ ನಿಂತಿದ್ದಿರಬಹುದು.

ಈಗ ನನ್ನ ಕೋರಿಕೆ. ನೀವು ಬಯಲಿಗೆ ಹೋದದ್ದು ಏಪ್ರಿಲ್ 11, ಸಹಿ ಬಿದ್ದದ್ದು ಮೇ 6. ನಡುವೆ ಇಪ್ಪತ್ತೈದು ದಿನವಿದೆ. ಈ ಕಾಗದ ಹೇಗಾದರೂ ಆ ದಿನಗಳೊಳಗೆ ನಿಮಗೆ ಸಿಕ್ಕಿದರೆ ಸಹಿಯನ್ನು ತಡೆಹಿಡಿಯಿರಿ. ಬೈದರೆ ಬೈಸಿಕೊಳ್ಳಿ. ಜೋರು ಮಳೆ ಬಂದ ಮಾರನೆಯ ದಿನ ಚಪ್ಪಲಿ ಕೈಯಲ್ಲಿ ಹಿಡಿದು ಅಲ್ಲಿಗೆ ಹೋಗಿ ನಿಲ್ಲಿ. ಅದೂ ಆಗದಿದ್ದರೆ ನಕ್ಷೆಯ ಅಂಚಿನಲ್ಲಿ ಪೆನ್ಸಿಲಿನಿಂದ ‘ಮಳೆಗಾಲದಲ್ಲಿ ನೋಡಿಲ್ಲ’ ಎಂದು ಎರಡೇ ಪದ ಬರೆಯಿರಿ. ನಕ್ಷೆಯಲ್ಲಿ ಇರುವುದನ್ನೆಲ್ಲ ಕಣ್ಣುಮುಚ್ಚಿ ಇಳಿಸಿಕೊಳ್ಳುವವರು ಅದನ್ನೂ ಇಳಿಸಿಕೊಳ್ಳುತ್ತಾರೆ. ಒಂದಲ್ಲ ಒಂದು ದಿನ ಯಾರಾದರೂ ಅದನ್ನು ಓದಿ ನಿಲ್ಲುತ್ತಾರೆ.

ಎಂಟು ದಿನದಿಂದ ಬೆಳಿಗ್ಗೆ ಬಂದ ಕೂಡಲೇ ಕೊಳವೆಯಿಂದ ನಕ್ಷೆ ಬಿಚ್ಚಿ ಅಂಚನ್ನು ನೋಡುತ್ತಿದ್ದೇನೆ. ಇನ್ನೂ ಬರೆದು ಮುಗಿಸದ ಕಾಗದಕ್ಕೆ ಉತ್ತರ ಹುಡುಕುತ್ತಿದ್ದೆ, ನಗಬೇಡಿ. ಇವತ್ತೂ ಅಲ್ಲಿ ಏನೂ ಇರಲಿಲ್ಲ. ಇದನ್ನೆಲ್ಲ ನಿಮಗೆ ಬರೆಯುತ್ತಾ ಬರೆಯುತ್ತಾ ಒಂದು ಮಾತು ಸ್ಪಷ್ಟವಾಯಿತು. ನಾನು ನಿಮ್ಮ ಪೆನ್ಸಿಲಿಗೆ ಕಾಯುತ್ತಾ ಕುಳಿತರೆ, ಮುಂದೆ ಇನ್ನೊಬ್ಬಳು ಇದೇ ಮೇಜಿನಲ್ಲಿ ಕುಳಿತು ನನಗೆ ಇಂಥದೇ ಕಾಗದ ಬರೆಯಬೇಕಾಗುತ್ತದೆ. ಸೋಮವಾರ ನನ್ನ ಸಹಿಯ ಜಾಗದಲ್ಲಿ ಆ ಎರಡು ಪದಗಳನ್ನೇ ಬರೆಯುತ್ತೇನೆ, ಶಾಯಿಯಲ್ಲಿ. ಜೊತೆಗೆ ಹಳೆಯ ನಿಲಯದ ಮೂರನೆಯ ಮಹಡಿಯನ್ನು ತೆರವು ಮಾಡಿ ಆ ಹುಡುಗಿಯರಿಗೆ ನಮ್ಮ ವಿಭಾಗದ ನಕ್ಷೆಕೋಣೆಗಳನ್ನು ಬಿಟ್ಟುಕೊಡಿ ಎಂದು ಅರ್ಜಿ ಕೊಡುತ್ತೇನೆ. ಒಪ್ಪದಿದ್ದರೆ ಮಳೆಗಾಲ ಮುಗಿಯುವ ತನಕ ಮುಬೀನಾಳ ಕೋಣೆಯಲ್ಲಿ, ಆ ಕಂಬಗಳ ನಡುವೆ, ನಾನೂ ಹಾಸಿಗೆ ಹಾಕುತ್ತೇನೆ. ಕೆಲಸ ಕಾಯಂ ಆಗುವುದಿಲ್ಲ, ಅದು ಗೊತ್ತು. ಮುಬೀನಾ ಮಾತು ಬಿಡುತ್ತಾಳೆ, ಅದಕ್ಕೇ ಹೆಚ್ಚು ಹೆದರುತ್ತೇನೆ.

ನಾಳೆ ಬಯಲಿನಲ್ಲಿ ನಿಂತು ಇದನ್ನು ಓದುತ್ತೇನೆ. ಸಾಕ್ಷಿಗೆ ಗಂಗವ್ವ ಬರುತ್ತೇನೆಂದಿದ್ದಾಳೆ. ನಿಮಗೆ ಕೇಳಿಸುತ್ತದೋ ಇಲ್ಲವೋ ತಿಳಿಯುವ ದಾರಿ ನನಗೆ ಒಂದೇ. ಕೇಳಿಸಿ, ನೀವು ಪೆನ್ಸಿಲ್ ಎತ್ತಿಕೊಂಡಿದ್ದರೆ, ಆ ಗ್ರಂಥಾಲಯ ಅಲ್ಲಿ ಎದ್ದಿರುವುದಿಲ್ಲ, ಆ ಏಳು ಜನ ಪರೀಕ್ಷೆ ಮುಗಿಸಿ ಮನೆಗೆ ಹೋಗಿರುತ್ತಾರೆ. ಓದಿ ಮುಗಿಸಿ ಹಿಂದಿರುಗುವಾಗ ನೆರಳೋಣಿಯ ಆ ತಿರುವಿನಲ್ಲಿ ಕಲ್ಲು ಇದೆಯೋ ಇಲ್ಲವೋ ಎಂದು ನೋಡುತ್ತೇನೆ.

ನಿಮ್ಮ ತಂಗಿಯಂಥವಳು,
ಶಕೀಲಾ