ಲಕ್ವಾ ಅಲ್ಲರಿ, ಮಾವಾರ

ಮಾವಾರ, ನಾ ಬಾದಾಮಿಗೆ, ಸಾಲಿಗೆ ಪಾಠ ಹೇಳಾಕ ಹೊಂಟೇನಿ. ಎದ್ದ ಕೂಡಲೇ ಇದನ್ನ ಓದ್ರಿ.

ನಿಮಗ ಲಕ್ವಾ ಹೊಡದಿಲ್ಲ, ಕೈಕಾಲು ನೆಟ್ಟಗ ಅದಾವ. ನಿನ್ನೆ ನಿಮ್ಮ ಗೆಳೆಯ ಮಲಕಪ್ಪನವರು ತುಳಸಿಗೇರಿ ಹೊಲದಾಗ ಕೊಟ್ಟ ಮಾವಿನಹಣ್ಣಿನ ಶರಬತ್ತಿನಾಗ ಶೆರೆ ಇತ್ತಂತ. ದವಾಖಾನ್ಯಾಗ ಡಾಕ್ಟರು ಎಲ್ಲಾ ತಪಾಸಣಿ ಮಾಡಿ, "ಗಾಬರಿ ಆಗಬ್ಯಾಡ್ರಿ, ಅಜ್ಜಾರಿಗೆ ನಶಾ ಏರೇತಿ ಅಷ್ಟ" ಅಂದ್ರು. ನಾನೂ ನಿಮ್ಮ ಮಗನೂ ಅಲ್ಲೇ ಕುಂತು ನಕ್ಕಿವಿ. ಹುಟ್ಟಿದಾಗಿಂದ ನೀವು ಒಂದು ಹನಿ ಮುಟ್ಟಿದವರಲ್ಲ ಅಂತ ಡಾಕ್ಟರಿಗೆ ಹೇಳೇನಿ.

ತಲಿ ಸಿಡಿಯಾಕತ್ತಿದ್ರ ಮೊದಲ ನೀರು ಕುಡೀರಿ. ಜೀರಗಿ ಹಾಕಿದ ಮಜ್ಜಿಗಿ ಒಲಿಕಟ್ಟಿ ಮ್ಯಾಲ ಮುಚ್ಚಿಟ್ಟೇನಿ. ನಶಾ ಇಳಿಸಾಕ ರಷ್ಯಾದವರು ಉಪ್ಪಿನಕಾಯಿ ನೀರು ಕುಡಿತಾರ, ಕೊರಿಯಾದವರು ಬಿಸಿ ಸಾರು ಕುಡಿತಾರ ಅಂತ ನಿಮ್ಮ ಮಗ ಮೊಬೈಲಿನಾಗ ನೋಡಿ ಹೇಳಿದ್ರು. ಸಾರು ಮಾಡೇನಿ. ಉಪ್ಪಿನಕಾಯಿ ಭರಣಿ ಮುಟ್ಟಬ್ಯಾಡ್ರಿ, ನಿಮಗ ಬಿಪಿ ಐತಿ. ಬಾಜೂಮನಿ ಹನಮವ್ವ ಹುಣಸಿ ನೀರು ತರ್ತಾಳ. ನಿಮಗ ಪಿತ್ತ ಆಗೇತಿ ಅಂತ ಅಕೀಗೆ ಹೇಳೇನಿ, ನೀವೂ ಹಂಗ ಅನ್ರಿ. ಮಲಕಪ್ಪನವರು ಫೋನ್ ಮಾಡಿ, "ಇನ್ನೊಂದು ಗುಟುಕು ತಗೊಂಡ್ರ ಇಳಿತೈತಿ" ಅಂದ್ರು. ನಾ ಫೋನ್ ಕಟ್ ಮಾಡಿದೆ.

ನಾಚಿಕೊಂಡು ಖೋಲ್ಯಾಗ ಕುಂದರಬ್ಯಾಡ್ರಿ. ಅತ್ತಿಯವರು ಪಡಸಾಲ್ಯಾಗ ಅದಾರ. ಮುಖ ಬಿಗದಾರ, ಖರೆ ಅದು ಸಿಟ್ಟಲ್ಲ. ನಿನ್ನೆ ನೀವು ಅವರನ್ನ "ಗುರುಲಿಂಗವ್ವ" ಅಂತ ಕರಿಯಾಕ ಹೋದ್ರಿ, ನಾಲಿಗಿ ಹೊರಳಲಿಲ್ಲ. ಆವಾಗಿಂದ ಅವರು ಊಟ ಮಾಡಿಲ್ಲ. ಡಾಕ್ಟರು ಹೇಳಿದ್ದನ್ನೂ ನಂಬವಲ್ರು. ಹೊರಗ ಬಂದು ಅವರನ್ನ ಒಮ್ಮೆ ಹೆಸರು ಹಿಡದು ಕರೀರಿ, ಸ್ವಚ್ಛ ಕೇಳೂವಂಗ.

ಸುನಂದಾ