ಕರಡಿಯ ಗುಹೆಗೆ ಬಂಡೆ

ಅನ್ನೂರು
ಭಾನುವಾರ

ಮೇಸ್ತ್ರಿ ಮಾರಪ್ಪಣ್ಣನಿಗೆ ಜಾನಮ್ಮ ಮಾಡುವ ನಮಸ್ಕಾರ.

ನಾಳೆ ಮೃಗಾಲಯದ ಕರಡಿಯನ್ನು ಬೋನಿಗೆ ಓಡಿಸಿ, ಅದರ ಗುಹೆಯ ಬಾಯಿಗೆ ಸಿಮೆಂಟ್ ಬಂಡೆ ಕಟ್ಟಬೇಕೆಂದು ಹೇಳಿದಿರಿ. ಮರಿ ಸತ್ತ ಮೇಲೆ ಅದು ಹೊರಗೆ ಬರುತ್ತಿಲ್ಲ, ನೋಡಲು ಬಂದವರು ಜಗಳವಾಡುತ್ತಾರೆ, ನಿಜ. "ಏನ್ ತಂಗಚ್ಚಿ, ಟಿಕೆಟ್ ತಗೊಂಡು ಬಂದೋರು ನಿನ್ ಕಲ್ಲು ನೋಡ್ಕಂಡು ಹೋಗ್ಬೇಕಾ?" ಎಂದು ಫೋನಿನಲ್ಲಿ ನಕ್ಕಿರಿ. ನನಗೆ ನಗು ಬರಲಿಲ್ಲ.

ಕಂಬಿ ಬಲೆಗೆ ಸಿಮೆಂಟ್ ಮೆತ್ತಿ, ಮುದುರಿದ ಹಳೆ ಸೀರೆ ಒತ್ತಿ ಕಲ್ಲಿನ ಗೆರೆ ಮೂಡಿಸುವವಳು ನಾನು. ಬಣ್ಣ ಬಳಿದ ಮೇಲೆ ಅಲ್ಲಿ ಗುಹೆ ಇತ್ತೆಂದೇ ಯಾರಿಗೂ ತಿಳಿಯುವುದಿಲ್ಲ. ಆದರೆ ಕರಡಿ ಬಂದು ಅಲ್ಲೇ ಕೆರೆಯುತ್ತದೆ.

ಮುಚ್ಚುವುದು ಬೇಡಣ್ಣ. ಗುಹೆಯ ಮುಂದೆ ನೆರಳು ಬೀಳುವಂತೆ ಒಂದು ಚಪ್ಪಟೆ ಬಂಡೆ ಮಾಡಿಕೊಡುತ್ತೇನೆ. ನೋಡಲೂ ಚೆನ್ನಾಗಿರುತ್ತದೆ. ಮನಸ್ಸಾದ ದಿನ ಅದೇ ಬಂದು ಕೂರುತ್ತದೆ. ಮೃಗಾಲಯದ ಇಂಜಿನಿಯರಿಗೆ ನೀವು ಹೇಳಿದರೆ ಕೇಳುತ್ತಾರೆ.

ನನ್ನ ಮಗಳು ಕಾರ್ತಿಕಾ ಹೋದಾಗ ನೀವೂ ಅತ್ತಿಗೆಯೂ ಬಂದಿದ್ದಿರಿ. ನಾನು ಒಳಕೋಣೆಯಿಂದ ಏಳಲಿಲ್ಲ. ಸಾವಿನ ಮನೆಯಲ್ಲಿ ಹೋಗಿಬರುತ್ತೇವೆ ಅನ್ನಬಾರದೆಂದು, ನೀವು ಸುಮ್ಮನೆ ಎದ್ದು ಹೋದಿರಿ. ಹೊರಗೆ ಬಾ ಎಂದು ಯಾರೂ ನನ್ನನ್ನು ಕರೆಯಲಿಲ್ಲ. ಅದಕ್ಕೇ ಇವತ್ತು ಬದುಕಿದ್ದೇನೆ.

ಈ ಕಾಗದವನ್ನು ಇವತ್ತು ಸಂಜೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಬರುತ್ತೇನೆ. ಗುಹೆಯ ಬಾಯಿಗೆ ಕಂಬಿ ಕಟ್ಟಿದ್ದು ಕಂಡರೆ ಅದೇ ಬಸ್ಸಿನಲ್ಲಿ ತಿರುಗಿಬಿಡುತ್ತೇನೆ. ಆ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳಿ.

ಇಂತಿ ತಂಗಿ,
ಜಾನಮ್ಮ