ಅಕ್ಕ ಒಯ್ದ ಮರದ ತುಂಡು

ಮಾರ್ಚ್ ೧೨, ಮಂಗಳವಾರ

ಅಕ್ಕನಿಗೆ ಇವತ್ತು ಒಂದು ಸುಳ್ಳನ್ನೂ ಹೇಳಲಿಲ್ಲ. ಆದರೂ ಒಳಗೊಳಗೇ ಕೊರೆಯುತ್ತಿದೆ.

ಮಹಡಿಗೆ ಮರದ ಮೆಟ್ಟಿಲು ಮಾಡಿಸಲು ಅವಳಿಗೆ ಹೆದರಿಕೆ. “ಬೆಂಕಿ ಬಿದ್ರೆ ಮಕ್ಕಳು ಮೇಲೇ ಸಿಕ್ಕಿಹಾಕ್ಕೊಳ್ತಾರಲ್ಲೋ?” ಎಂದು ನನ್ನ ಮರಗೆಲಸದ ಶೆಡ್ಡಿಗೇ ಬಂದು ಕೇಳಿದಳು. ದಪ್ಪ ತೊಲೆಯ ತುಂಡೊಂದಕ್ಕೆ ಅವಳೆದುರೇ ಗ್ಯಾಸಿನ ಉರಿ ಹಿಡಿದೆ. ಹೊರಗೆಲ್ಲ ಇದ್ದಿಲಾಯಿತು. ಆರಿಸಿ, ಕೊಯ್ದು ತೋರಿಸಿದೆ. ಒಳಗಿನ ಮರ ಹಾಗೇ ಗಟ್ಟಿಯಾಗಿತ್ತು.

“ಈ ಇದ್ದಿಲೇ ಒಳಗಿನ ಮರ ಕಾಯುತ್ತೆ ಕಣೇ,” ಎಂದೆ. ನಿಜವೇ. ಆದರೆ ಅವಳ ಮೆಟ್ಟಿಲಿಗೆ ನಾನು ಎತ್ತಿಟ್ಟಿರುವುದು ತೆಳ್ಳನೆಯ ಹಲಗೆ, ನೋಡಲು ಚೆಂದವೆಂದು. ಅದು ಇದ್ದಿಲಾದರೆ ಉಳಿಯಲು ‘ಒಳಗೆ’ ಎಂಬುದೇ ಇಲ್ಲ.

“ನೀನು ಹೇಳಿದ್ಮೇಲೆ ಮುಗೀತು ಬಿಡು,” ಎಂದು ತುಂಡನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಹಲಗೆಯ ವಿಷಯ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ದಪ್ಪ ಮೆಟ್ಟಿಲೆಂದರೆ ಚೆಂದ ಕಾಣದೆಂದು ಎಲ್ಲಿ ಬೇಡ ಅಂದುಬಿಡುತ್ತಾಳೋ ಎಂದು ನುಂಗಿಕೊಂಡೆ.

ಊಟದ ಹೊತ್ತಿಗೆ ಫೋನ್ ಬಂತು. ತುಂಡನ್ನು ಮಕ್ಕಳಿಗೂ ತೋರಿಸಿದ್ದಾಳೆ. ಮೇಲೆ ಯಾರು ಮಲಗಬೇಕೆಂದು ಆಗಲೇ ಜಗಳವಂತೆ. ಅವಳ ಚಿಕ್ಕ ಮಗಳು ಫೋನು ಕಿತ್ತುಕೊಂಡಳು:

“ಮಾವಾ, ನಮ್ಮ ಮೆಟ್ಲು ಸುಡಲ್ವಂತೆ, ಹೌದಾ?”

“ಹೂಂ,” ಎಂದುಬಿಟ್ಟೆ.

ಅಕ್ಕನಿಗೆ ಹೇಳದ ಸುಳ್ಳನ್ನು ಆ ಮಗುವಿಗೆ…